ಮಲಗಿಸಿಟ್ಟ ಸೆರಗು

ಈಗಲೂ ಅಕ್ಕನ ಮನೆಗೆ ಹೋದರೆ ನನ್ನ ಕಣ್ಣು ಮೊದಲು ಕೀಬೋರ್ಡಿನ ಮೂಲೆಯ ಆ ಹಸಿರು ದೀಪವನ್ನು ಹುಡುಕುತ್ತದೆ.

ದೊಡ್ಡಬಳ್ಳಾಪುರದ ಆ ಮನೆಯಲ್ಲಿ ಕೆಳಗೆ ನಾಲ್ಕು ಮಗ್ಗ, ಮೇಲೆ ವಾಸ. ಮೇಲಿನ ಕಂಪ್ಯೂಟರಿನಲ್ಲಿ ಅಕ್ಕ ರೇಷ್ಮೆ ಸೀರೆಗಳ ಅಂಚು, ಸೆರಗು ಬಿಡಿಸುತ್ತಾಳೆ. ಭಾವ ಆ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು ಮಗ್ಗಕ್ಕೆ ಕೊಡುತ್ತಾರೆ. ಒಂದೇ ಡಿಸ್ಕನ್ನು ಗಂಡ ಹೆಂಡತಿ ಪಾಲು ಮಾಡಿಕೊಂಡಿದ್ದಾರೆ: ಅವಳ ಪಾಲಿನಲ್ಲಿ ವಿಂಡೋಸ್, ಅವರ ಪಾಲಿನಲ್ಲಿ ಲಿನಕ್ಸ್. ಕರೆಂಟು ಯಾವಾಗ ಹೋಗುತ್ತದೋ ಎಂದು ಅಕ್ಕ ತನ್ನ ಪಾಲನ್ನು ಪೂರ್ತಿ ಮುಚ್ಚುವುದೇ ಇಲ್ಲ, ಹೈಬರ್ನೇಟ್ ಮಾಡುತ್ತಾಳೆ. ತೆರೆದಿದ್ದ ಕೆಲಸವೆಲ್ಲ ಡಿಸ್ಕಿನಲ್ಲೇ ಮಲಗಿರುತ್ತದೆ. ಎಬ್ಬಿಸಿದರೆ ಬಿಟ್ಟಲ್ಲಿಂದ ಏಳುತ್ತದೆ.

ಆಗ ಅವಳು ಹದಿನೈದು ದಿನದಿಂದ ಬಿಡಿಸುತ್ತಿದ್ದದ್ದು ಹಂಸಗಳ ಒಂದು ಸೆರಗು. ಅಷ್ಟು ವರ್ಷ ವ್ಯಾಪಾರಿ ಕಳಿಸಿದ ಫೋಟೋ ನೋಡಿ ನಕಲು ಮಾಡುತ್ತಿದ್ದವಳಿಗೆ, ನಿನ್ನದೇ ಒಂದು ತೋರಿಸು ಎಂದು ಅವನು ಹೇಳಿದ್ದ. ಮರುದಿನ ನೋಡಲು ಬರುವವನಿದ್ದ.

ಅಂದು ಮಧ್ಯಾಹ್ನ ಅವಳು ಮಾಕಳಿದುರ್ಗದ ಕಡೆ ಒಂದು ನಾಮಕರಣಕ್ಕೆ ಹೋಗಿದ್ದಳು. ಇಲ್ಲಿ ನಾನೂ ಭಾವನೂ ಇದ್ದಾಗ ಒಂದು ಮಗ್ಗಕ್ಕೆ ಕೊಟ್ಟಿದ್ದ ಅಂಚಿನ ಫೈಲು ಕೆಟ್ಟು ಮಗ್ಗ ನಿಂತಿತು. ಅದರ ಮೂಲ ಫೈಲು ಅವಳ ಪಾಲಿನಲ್ಲಿತ್ತು, ಅದಕ್ಕೆ ಪಾಸ್‌ವರ್ಡ್ ಇತ್ತು. ಬೆಟ್ಟದ ಮರೆಯಲ್ಲಿದ್ದ ಅವಳ ಫೋನು ಸಿಗಲಿಲ್ಲ.

"ನನ್ನ ಕಡೆಯಿಂದಲೇ ಒಳಗೆ ಹೋಗ್ತೀನಿ ಇರು," ಎಂದು ಭಾವ ಲಿನಕ್ಸ್ ತೆರೆದರು. ಪರದೆಯಲ್ಲಿ ಅವಳ ಪಾಲಿನ ಗುರುತಿನ ಮೇಲೆ ಒತ್ತಿದರು. ತೆರೆಯಲಾಗದು, ವಿಂಡೋಸ್ ಹೈಬರ್ನೇಟ್ ಆಗಿದೆ ಎಂದಿತು ಪರದೆ.

ಕೆಳಗಿನಿಂದ ನೇಯುವಾಕೆ ಕೂಗಿದಳು. "ಏನ್ ಸಾರ್, ಹೆರಿಗೆ ಆಯ್ತಾ?"

"ಬಂದೆ ಕಣಮ್ಮಾ!"

ಇಂಟರ್‌ನೆಟ್ಟಿನಲ್ಲಿ ಯಾರೋ ಬರೆದಿದ್ದ ಉತ್ತರವೊಂದು ಅವರಿಗೆ ಸಿಕ್ಕಿತು. ಅದರಲ್ಲಿದ್ದ ಒಂದು ಸಾಲಿನ ಆಜ್ಞೆಯನ್ನು ನಕಲು ಮಾಡಿ ಕಪ್ಪು ಕಿಟಕಿಯಲ್ಲಿ ಅಂಟಿಸಿದರು. ನಾನು ಹಿಂದೆ ನಿಂತು ಆ ಉತ್ತರದ ಕೆಳಭಾಗವನ್ನು ಓದುತ್ತಿದ್ದೆ. ಈ ಆಜ್ಞೆ ಮಲಗಿರುವ ಸ್ಥಿತಿಯನ್ನು ಅಳಿಸಿ ಬಾಗಿಲು ತೆರೆಯುತ್ತದೆ, ಸೇವ್ ಮಾಡದಿದ್ದದ್ದೆಲ್ಲ ಹೋಗುತ್ತದೆ ಎಂದಿತ್ತು.

"ಭಾವ, ತಾಳಿ. ಸೆರಗು ಸೇವ್ ಮಾಡಿದಾಳೋ ಇಲ್ವೋ."

"ಮಾಡಿರ್ತಾಳೆ ಬಿಡೋ. ಬಿ.ಕಾಂ. ಓದಿದೋನು ನಂಗೆ ಲಿನಕ್ಸ್ ಹೇಳ್ಕೊಡ್ತೀಯಾ?"

ಎಂಟರ್ ಒತ್ತಿದರು. ಅವರದೇ ಲಿನಕ್ಸ್ ಪಾಸ್‌ವರ್ಡ್ ಕೇಳಿತು. ಅಲ್ಲಿ ಏನು ಟೈಪ್ ಮಾಡಿದರೂ ಚುಕ್ಕಿಯೂ ಮೂಡುವುದಿಲ್ಲ, ಕುರುಡಾಗಿಯೇ ಒತ್ತಬೇಕು. ತಪ್ಪು, ಮತ್ತೆ ಪ್ರಯತ್ನಿಸಿ ಎಂದಿತು. ಮತ್ತೊಮ್ಮೆ ಒತ್ತಿದರು. ಮತ್ತೆ ತಪ್ಪು.

ಆಗ ಕಂಡೆ. ಸಿಟ್ಟಿನಲ್ಲಿ ಕೀಬೋರ್ಡ್ ಎಳೆದುಕೊಂಡಾಗ ತಾಗಿರಬೇಕು, ಕ್ಯಾಪ್ಸ್ ಲಾಕಿನ ಹಸಿರು ದೀಪ ಹತ್ತಿತ್ತು. ಅಕ್ಷರಗಳೆಲ್ಲ ದೊಡ್ಡವಾಗಿ ಹೋಗುತ್ತಿದ್ದವು. ನಾನು ಬಾಯಿ ಬಿಡಲಿಲ್ಲ. ಬೆನ್ನ ಹಿಂದೆ ಅಕ್ಕನ ನಂಬರು ಒತ್ತುತ್ತಲೇ ಇದ್ದೆ, ಕಣ್ಣು ಮಾತ್ರ ದೀಪದ ಮೇಲೆ. ಅವರ ತಲೆ ಸ್ವಲ್ಪ ಎಡಕ್ಕೆ ತಿರುಗಿದ್ದರೆ ಮುಗಿದಿತ್ತು.

"ಈ ಕೀಬೋರ್ಡಿಗೆ ಏನಾಗಿದೆ ಲೇ?"

"ಗೊತ್ತಿಲ್ಲ ಭಾವ."

ಅವರ ಬೆರಳು ಮತ್ತೆ ಕೀಲಿಗಳ ಮೇಲೆ ಇಳಿಯುವಾಗ ನನ್ನ ಕೈಯಲ್ಲಿ ಫೋನು ಹೊಡೆದುಕೊಂಡಿತು. ಅಕ್ಕನೇ. ಸ್ಪೀಕರ್ ಹಾಕಿದೆ. ಹಿನ್ನೆಲೆಯಲ್ಲಿ ಮಗು ಅಳುತ್ತಿತ್ತು.

"ಯಾಕೋ ಇಷ್ಟೊಂದ್ ಮಿಸ್ಡ್ ಕಾಲು?"

"ಸೆರಗು ಸೇವ್ ಮಾಡಿದ್ಯಾ?"

"ಮುಗಿದೇ ಇಲ್ವಲ್ಲೋ. ಮುಗೀದೆ ನಾನು ಹೆಸರಿಡಲ್ಲ, ಹೆಸರಿಲ್ದೆ ಅದು ಸೇವ್ ಆಗಲ್ಲ. ಹಾಗೇ ಮಲಗಿಸಿ ಬಂದಿದೀನಿ." ಅವಳ ದನಿ ಬದಲಾಯಿತು. "ಯಾರಾದ್ರೂ ಮುಟ್ಟಿದ್ರಾ?"

ಭಾವ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು; ಆಜ್ಞೆಯ ವಿಷಯ ನಾನೇ ಅವಳಿಗೆ ಹೇಳಿದೆ. ಆ ಹದಿನೈದು ದಿನವೂ ಹತ್ತಿಪ್ಪತ್ತು ಹಂಸಗಳನ್ನು ಅವಳ ಹೆಗಲ ಮೇಲಿಂದ ನೋಡಿದ್ದವರು ಭಾವನೇ.

ಓದಲು ಮಾತ್ರ ತೆರೆಯುವ ಇನ್ನೊಂದು ದಾರಿ ಅದೇ ಉತ್ತರದಲ್ಲಿತ್ತು. ಏನನ್ನೂ ಬರೆಯದೆ, ಅಳಿಸದೆ, ಅಂಚಿನ ಫೈಲು ಎತ್ತಿಕೊಂಡೆವು. ಮಗ್ಗ ಓಡಿತು. ಆದರೂ ಒಳಗೆ ಏನಾದರೂ ಕೆಟ್ಟಿದೆಯೋ ಎಂಬುದು ಅವಳು ಬಂದು ಎಬ್ಬಿಸುವವರೆಗೆ ತಿಳಿಯುವಂತಿರಲಿಲ್ಲ.

ಸಂಜೆ ಅವಳು ಚಪ್ಪಲಿಯನ್ನೂ ಬಿಡದೆ ಬಂದು ಕುಳಿತಳು. ಕಪ್ಪು ಪರದೆಯಲ್ಲಿ ಬಿಳಿ ಚುಕ್ಕಿಗಳು ಸುತ್ತಿದವು, ಸುತ್ತುತ್ತಲೇ ಇದ್ದವು. ಪಾಸ್‌ವರ್ಡ್ ಒತ್ತಿದಳು. ಸೆರಗು ಎದ್ದಿತು, ಕೊನೆಯ ಹಂಸಕ್ಕೆ ಇನ್ನೂ ಕತ್ತಿರಲಿಲ್ಲ.

ಅಕ್ಕ ಉಸಿರು ಬಿಟ್ಟಳು. ಬಯ್ಯಲಿಲ್ಲ. ಕತ್ತನ್ನೂ ಬಿಡಿಸಲಿಲ್ಲ. ಸೇವ್ ಎಂಬಲ್ಲಿ ಒತ್ತಿ, ಮುಗಿಯದ ಸೆರಗಿಗೆ ಮೊದಲ ಸಲ ಒಂದು ಹೆಸರು ಟೈಪ್ ಮಾಡಿದಳು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಭಾವನ ಕಡೆ ನೋಡಿದಳು.

"ಬನ್ನಿ. ಮಧ್ಯಾಹ್ನದಿಂದ ಎಂಟರ್ ಒತ್ತಬೇಕು ಅಂತಿದ್ರಲ್ಲ. ಈಗ ಒತ್ತಿ."

ಭಾವ ಮುಂದೆ ಬಂದು ಒಂದೇ ಬೆರಳಿನಿಂದ ಒತ್ತಿದರು. ಅದಕ್ಕೂ ಮುಂಚೆ ಅವಳಿಟ್ಟ ಆ ಒಂದು ಪದದ ಹೆಸರನ್ನು ಪರದೆಯ ಮೇಲೆ ಎರಡು ಸಲ ಓದಿದರು.