ಕಣ್ಣು ಮುಚ್ಚಿ ಮೂರು ಸುತ್ತು

ಪದ್ಮಾ, ಕಣ್ಣು ಮುಚ್ಚಿ ನಿಲ್ಲಬಾರದೆಂದು ನಿನಗೆ ತಿಳಿಸುವಂತೆ ನನಗೆ ಹೇಳಿದ್ದರು. ನಾನು ತಿಳಿಸಲಿಲ್ಲ. ಮರೆತೆನೆಂದು ಬರೆದರೆ ನೀನು ನಂಬುತ್ತೀಯೆ—ಒಡಹುಟ್ಟಿದವಳು, ನಂಬಿಯೇಬಿಡುತ್ತೀಯೆ. ಆದರೆ ನಾನು ಯಾವುದನ್ನೂ ಮರೆಯುವವನಲ್ಲ.

ನಾಲ್ಕು ವರ್ಷಗಳ ಹಿಂದೆ, ನ್ಯೂ ಟೌನಿನ ನಿನ್ನ ಮನೆಯಿಂದ ಬಸ್ ನಿಲ್ದಾಣ ಸೇರುವಷ್ಟರಲ್ಲಿ ನಿನ್ನ ಎಡಗಾಲಿನ ಚಪ್ಪಲಿ ಎರಡು ಸಲ ಕಳಚಿಬಿತ್ತು. ಬಿದ್ದದ್ದು ನಿನಗೆ ತಿಳಿಯಲಿಲ್ಲ. ಹಿಂದೆ ಬರುತ್ತಿದ್ದ ನಾನೇ ಎತ್ತಿಕೊಟ್ಟೆ. "ಕಾಲು ಎಲ್ಲಿದೆ ಅಂತಾನೇ ಗೊತ್ತಾಗಲ್ಲ ಅಣ್ಣಾ, ಹತ್ತಿ ಮೇಲೆ ನಡೆದ ಹಾಗೆ," ಎಂದು ನೀನು ನಕ್ಕೆ. ನಿನ್ನ ಬೆನ್ನು ಬಾಗಿದ್ದರಿಂದಲೇ ಹೀಗಾಗಿದೆಯೆಂದು ನಾನು ತೀರ್ಮಾನಿಸಿದೆ. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ, ಓರೆ-ಸಮ ತೋರಿಸುವ ರಸಮಟ್ಟ ಇಟ್ಟು ಯಂತ್ರಗಳನ್ನು ಕೂರಿಸಿದವನು ನಾನು. ಓರೆಯಾದದ್ದನ್ನು ನೆಟ್ಟಗೆ ಮಾಡಿದರೆ ಮುಗಿಯಿತು ಎಂಬುದೇ ನನ್ನ ವಿದ್ಯೆ. ಗೋಪಾಳದಲ್ಲಿ, ನನ್ನ ಮನೆಯ ಹಿಂದಿನ ರಸ್ತೆಯಲ್ಲಿ, ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೊಪ್ರಾಕ್ಟರ್ ಒಬ್ಬರಿದ್ದರು. ಅಲ್ಲಿಗೆ ಕರೆದೊಯ್ದೆ.

ಅವರು ಬೆನ್ನು ಮುಟ್ಟುವ ಮೊದಲು ನಿನ್ನನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು. ಮರುಕ್ಷಣವೇ ನೀನು ವಾಲಿದೆ. ಅವರೇ ಹಿಡಿದುಕೊಂಡರು. ನೀನು ಹೆದರಬಾರದೆಂದು ಹೊರಗೆ ಕೂರಿಸಿ ಬಂದು ನನಗೆ ಹೇಳಿದರು: "ಕಾಲಿನ ಸುದ್ದಿ ತಲೆಗೆ ಮುಟ್ತಿಲ್ಲ ಸಾರ್. ಕಣ್ಣಿನ ಆಸರೇಲಿ ನಿಂತಿದಾರೆ. ಕುತ್ತಿಗೇಲಿ ನರ ಒತ್ತಿರಬಹುದು, ನಾನು ಮುಟ್ಟಲ್ಲ. ಈ ವಾರಾನೇ ನರದ ಡಾಕ್ಟ್ರಿಗೆ ತೋರಿಸಿ. ಅಲ್ಲೀವರೆಗೆ ಕಣ್ಣು ಮುಚ್ಚಿ ನಿಲ್ಲಬಾರದು, ಹೇಳಿಬಿಡಿ." ಚೀಟಿಯನ್ನೂ ಬರೆದುಕೊಟ್ಟರು.

ನಾನು ಒಪ್ಪಲಿಲ್ಲ. ಒಂದು ಸಲ ನೆಟ್ಟಗೆ ಮಾಡಿದರೆ ಸಾಕೆಂದು ವಾದಿಸಿದೆ; ರಸಮಟ್ಟದ ಕತೆಯನ್ನೂ ಹೇಳಿದೆ. ಆತ—ನನ್ನ ಅರ್ಧ ವಯಸ್ಸಿನವನು—ನಕ್ಕ. "ಅಜ್ಜಾರೇ, ಇವ್ರು ಲೇತ್ ಮಿಷನ್ ಅಲ್ಲ. ನಿಮ್ಮ ರಸಮಟ್ಟ ಮನೇಲೇ ಇಟ್ಬನ್ನಿ." ಪಕ್ಕದ ಮಂಚಗಳಲ್ಲಿದ್ದ ಇಬ್ಬರು ರೋಗಿಗಳೂ ನಕ್ಕರು. ಒಬ್ಬ ಬೋರಲಾಗಿ ಮಲಗಿದ್ದ. ಅವನ ಬೆನ್ನು ಕುಲುಕಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಹೊರಗೆ ನೀನು ಚಪ್ಪಲಿಗಾಗಿ ಕಾಲಿನಿಂದ ತಡಕಾಡುತ್ತಿದ್ದೆ. "ಏನಂದ್ರು ಅಣ್ಣಾ?"

"ಏನಿಲ್ಲ ಮಾರಾಯ್ತಿ, ವಯಸ್ಸಿನ ಸುಸ್ತು. ಅವನಿಗೇನು ಗೊತ್ತು."

ಆ ಮನುಷ್ಯನ ಮಾತು ನಿಜವಾಗಬಾರದೆಂದು—ಅಷ್ಟಕ್ಕೇ, ಪದ್ಮಾ, ಅಷ್ಟಕ್ಕೇ. ಚೀಟಿಯನ್ನು ಮಡಿಸಿ ನನ್ನ ಹಳೆಯ ಕಾಗದಗಳ ಫೈಲಿನಲ್ಲಿಟ್ಟೆ. ಹರಿಯಲಿಲ್ಲ, ಕಾಗದ ಹರಿಯುವ ಅಭ್ಯಾಸ ನನಗಿಲ್ಲ.

ಅದಾದ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನೀನು ದೇವರಿಗೆ ಆರತಿ ಮಾಡಿ, ಎಂದಿನಂತೆ ಕೈಮುಗಿದು, ಕಣ್ಣು ಮುಚ್ಚಿ, ನಿಂತಲ್ಲೇ ಮೂರು ಸುತ್ತು ಪ್ರದಕ್ಷಿಣೆ ಬರಲು ಹೊರಟೆ. ಎರಡನೆಯ ಸುತ್ತಿನಲ್ಲಿ ಬಿದ್ದೆ. ಮುಗಿದ ಕೈ ಬಿಡಿಸಿಕೊಳ್ಳುವಷ್ಟು ಸಮಯವೂ ಸಿಗಲಿಲ್ಲವೆಂದು ನಿನ್ನ ಸೊಸೆ ಹೇಳಿದಳು. ಹೊಸ್ತಿಲಿಗೆ ಗದ್ದ ಬಡಿದು, ಕತ್ತು ಹಿಂದಕ್ಕೆ— ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು "ಬೀಳೋಕೆ ಮುಂಚೆ ಬಂದಿದ್ರೆ..." ಎಂದು ನಿಲ್ಲಿಸಿದರು. ಮುಂದಿನದನ್ನು ನಾನು ಕೇಳಲಿಲ್ಲ.

ಅಂದಿನಿಂದ ನೀನು ಹಾಸಿಗೆಯಲ್ಲಿದ್ದೀಯೆ. ನೋಡಲು ಬಂದವರಿಗೆಲ್ಲ "ನಂದೇ ತಪ್ಪು ಕಣ್ರೀ, ಸುತ್ತುವಾಗ ದೇವರ ಮೇಲೆ ಮನಸ್ಸಿರಲಿಲ್ಲ," ಎನ್ನುತ್ತೀಯೆ. ನಾನು ಪಕ್ಕದಲ್ಲಿ ಕುಳಿತು ಹೌದೆಂದು ತಲೆಯಾಡಿಸಿದ್ದೇನೆ. ಎಷ್ಟೋ ಸಲ.

ಆತ ಒರಟನೇ, ಇಂದಿಗೂ ಹಾಗೆಯೇ ಹೇಳುತ್ತೇನೆ. ಆದರೆ ವಾಲಿದಾಗ ನಿನ್ನನ್ನು ಹಿಡಿದವನು ಆತ.

ಕಳೆದ ಶನಿವಾರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿರಿಯನು ಕಿರಿಯಳ ಕಾಲು ಮುಟ್ಟಬಾರದೆನ್ನುತ್ತಾರೆ, ಮುಟ್ಟಿದೆ. ಹೊದಿಕೆಯೊಳಗೆ ಕೈಯಿಟ್ಟು ನಿನ್ನ ಎರಡೂ ಪಾದಗಳನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಸೂರು ನೋಡುತ್ತಲೇ ನೀನು ಕೇಳಿದೆ: "ಅಣ್ಣಾ, ಅಷ್ಟು ದೂರ ಯಾಕೆ ಕೂತಿದೀಯ? ಹತ್ರ ಬಾ."

ಬರುವ ಶನಿವಾರ ಬರುತ್ತೇನೆ, ಚೀಟಿಯೊಡನೆ. ತಲೆದೆಸೆಯಲ್ಲಿ ಕುಳಿತು ಇದನ್ನು ಓದುತ್ತೇನೆ. ಓದಿದ್ದರಿಂದ ನಿನ್ನ ಕಾಲಿಗೆ ಏನೂ ಆಗದು, ಗೊತ್ತು. ಅಂದು ದೇವರ ಮೇಲೆ ನಿನಗೆ ಮನಸ್ಸಿತ್ತು, ಪದ್ಮಾ—ಅಷ್ಟಾದರೂ ನಿನಗೆ ತಿಳಿದಿರಲಿ.