ಹಗ್ಗಕ್ಕೆ ಹೊದಿಸಿದ ಕೌದಿ

ಮರಳಿ ಊರಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತರೆ ಜನ ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ಸರ್ದಾರಬೀಯನ್ನು. ದೇವರು ಬೈಯುವುದಿಲ್ಲ, ಸರ್ದಾರಬೀ ಬೈಯುತ್ತಾಳೆ. ಮೂತಿಗೆ ಹಗ್ಗ ಸುತ್ತಿ ಎಳೆಯುವ ವಿಂಚ್ ಕೂರಿಸಿದ ಹಳೇ ಜೀಪಿನಿಂದ ಇಳಿದವಳೇ ಉಕ್ಕಿನ ಹಗ್ಗವನ್ನು ಎಳೆದೊಯ್ದು ಟ್ರ್ಯಾಕ್ಟರಿಗೆ ಕೊಂಡಿ ಹಾಕಿ, ಹಗ್ಗದ ನಟ್ಟನಡುವೆ ದಪ್ಪನೆಯ ಕೌದಿಯೊಂದನ್ನು ಹೊದಿಸುತ್ತಾಳೆ. “ಹಗ್ಗಕ್ಕೂ ಥಂಡಿ ಹತ್ತೇತೇನು?” ಎಂದು ನಕ್ಕವನಿಗೆ, “ಅದು ಹರಕೊಂಡು ಹಾರಿ ಬಂದರ ನೀನ ಥಣ್ಣಗ ಆಗ್ತಿ. ಕೌದಿ ಇದ್ದರ ಅಲ್ಲೇ ಬೀಳತೈತಿ. ದೂರ ಸರಿ,” ಎನ್ನುತ್ತಾಳೆ. ಬಿಗಿದ ಹಗ್ಗ ದಾಟಲು ಎಮ್ಮೆ ಬಂದರೂ ವಿಂಚ್ ನಿಲ್ಲಿಸುವವಳೇ. ಒಮ್ಮೆ ಸಾಹುಕಾರ ಗೋವಿಂದರಾಜ, “ನನ್ನ ಹೊಲದಾಗ ನಾ ಎಲ್ಲಿ ನಿಲ್ಲಬೇಕಂತ ನೀ ಹೇಳ್ತಿಯೇನು?” ಎಂದು ಹಗ್ಗದ ಪಕ್ಕದಲ್ಲೇ ನಿಂತ. “ನಿಲ್ರಿ ಸಾವ್ಕಾರ್ರ, ಅಲ್ಲೀತನಕ ನಾ ಉಣ್ತೀನಿ,” ಎಂದು ಎಂಜಿನ್ ಆರಿಸಿ, ಬದುವಿನ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚಿದಳು. ಅವನು ಸರಿಯುವವರೆಗೂ ಉಂಡಳು. ಗಂಡ ಸತ್ತಾಗ ಜೀಪು ಮಾರಿಬಿಡು ಎಂದ ಬಂಧುಗಳೆದುರೂ ಹೀಗೇ ಕೂತಿದ್ದಳಂತೆ. ಸಂಜೆ ಕೌದಿಯ ಕೆಸರು ತೊಳೆಯಲು ಕೂರುತ್ತಾಳೆ. ಹಳೇ ಸೀರೆಗಳ ನಡುವೆ ಹೊಲಿದ ಖಾಕಿ ತುಂಡಿನ ಮೇಲೆ ಕೈ ನಿಧಾನವಾಗುತ್ತದೆ: ಕೌದಿ ಹೊದಿಸದ ಹಗ್ಗ ಹರಿದು ಎದೆಗೆ ಬಡಿದ ದಿನ ಗಂಡ ತೊಟ್ಟಿದ್ದ ಅಂಗಿ ಅದು. “ಅದನ್ನ ಪೆಟ್ಟಿಗ್ಯಾಗರ ಇಡಬಾರದೇನವಾ?” ಎಂದು ಪಕ್ಕದ ಮನೆಯ ಮುದಕಮ್ಮ ಕೇಳಿದರೆ, ಸರ್ದಾರಬೀ ಕೌದಿಯನ್ನು ಹಿಂಡಿ ಜೀಪಿನ ಮೂತಿಯ ಮೇಲೆ ಹರವುತ್ತಾಳೆ. “ಯಾಕ ಇಡಲಿ? ಹಗ್ಗದ ಕೂಡ ಇದರ ಜಗಳ ಇನ್ನೂ ಮುಗದಿಲ್ಲ.”