ಸೀಟು ಹಿಡಿದ ಚೀಲ

ಸೊಗಡವರೆಕಾಯಿಯನ್ನು ಚೀಲಕ್ಕೆ ತುಂಬುತ್ತಿದ್ದೇನೆ, ಕೈಗೆಲ್ಲ ಅದರದೇ ಘಮ. ನಿಮಗೂ ಗೊತ್ತಿರಬೇಕು, ಈ ವಾಸನೆ ಸೋಪಿಗೂ ಜಗ್ಗುವುದಿಲ್ಲ. ನನಗಂತೂ ಇದು ಮೂಗಿಗೆ ಬಡಿದರೆ ಸಾಕು, ನಂಜಮ್ಮತ್ತೆ ನೆನಪಾಗುತ್ತಾಳೆ.

ನಂಜಮ್ಮತ್ತೆ ನನ್ನ ಅಪ್ಪನ ಅಕ್ಕ. ತೊಂಬತ್ತರ ದಶಕದ ಮಾತಿದು. ಆಗಲೇ ಅವಳಿಗೆ ಎಪ್ಪತ್ತು ದಾಟಿತ್ತು. ಪ್ರತಿ ಚಳಿಗಾಲ ಬೆಳಗೋಡಿನಿಂದ ಹಾಸನದ ಮಗಳ ಮನೆಗೆ ಒಬ್ಬಳೇ ಹೊರಡುವಳು, ಆಲೂರಿನಲ್ಲಿ ಬಸ್ಸು ಬದಲಿಸಿಕೊಂಡು. ತಲೆಗೆ ಮಫ್ಲರು, ಸೀರೆಯ ಮೇಲೆ ತೀರಿಹೋದ ಮಾವನ ಕೋಟು. ಲಗೇಜು ನೋಡಿದವರಿಗೆ ಹಾಸನದಲ್ಲಿ ಸಂತೆಯೇ ನಡೆಯುವುದಿಲ್ಲವೇನೋ ಅನ್ನಿಸಬೇಕು: ಅವರೆಕಾಯಿ, ಕಿತ್ತಳೆ, ಕಾಫಿಪುಡಿ, ಸಾಲದೆಂದು ಒಂದು ಕುಂಬಳಕಾಯಿ. ಯಾರಾದರೂ ಹಿಡಿದುಕೊಳ್ಳಲು ಬಂದರೆ, "ನಿನ್ ಸೊಂಟ ಹುಷಾರು" ಅನ್ನುವಳು.

ಆ ವರ್ಷ ಅವಳ ಮಗ ಮಹದೇವಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಈ ಸಲ ಏನಾರ ಹೆಚ್ಚುಕಮ್ಮಿ ಆದ್ರೆ, ಇನ್ಮೇಲೆ ನೀನು ಒಬ್ಳೇ ಬಸ್ ಹತ್ತಂಗಿಲ್ಲ ಕಣವ್ವ." ನೋಡಿಕೊಳ್ಳಲೆಂದು ನನ್ನನ್ನು ಜೊತೆಗೆ ಕಳಿಸಿದ. ನಾನೋ, ಚಳಿಗೆ ಹೆದರಿ ಎರಡೆರಡು ಸ್ವೆಟರ್ ಹಾಕಿಕೊಂಡು, ಕೈ ಮಡಿಸಲೂ ಆಗದೆ ನಿಂತಿದ್ದ ಆಸಾಮಿ.

ಆಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಂಜೋ ಮಂಜು. ಬಸ್ಸಿನ ಬೋರ್ಡೂ ಕಾಣದು. ನಮ್ಮ ಕಡೆ ಸೀಟು ಹಿಡಿಯುವ ರೀತಿ ಗೊತ್ತಲ್ಲ, ಕಿಟಕಿಯಿಂದ ಟವೆಲ್ಲೋ ಚೀಲವೋ ಹಾಕಿಬಿಟ್ಟರೆ ಆ ಸೀಟು ನಮ್ಮದು. ಆಮೇಲೆ ನಿಧಾನವಾಗಿ ಸುತ್ತಿಕೊಂಡು ಬಾಗಿಲಿಗೆ ಹೋಗಬಹುದು. ಅತ್ತೆ ಒಳಗಿದ್ದವರ ಕೈಗೆ ಚೀಲ ದಾಟಿಸಿ ಕಿಟಕಿ ಪಕ್ಕದ ಸೀಟಿನ ಮೇಲೆ ಇಡಿಸಿದಳು.

"ಇದು ಹಾಸನದ್ದೇನಾ ಅತ್ತೆ?" ಎಂದೆ.

"ಹಾಸನದ ಬಸ್ಸು ಇಲ್ಲೇ ಕಣೋ ನಿಲ್ಲೋದು. ನಾನೇನು ನಿನ್ನೆ ಮೊನ್ನೆ ನೋಡ್ತಿದೀನಾ?"

ನಾವು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಅದು ಮಗ್ಗೆ ಅನ್ನುವ ಊರಿಗೆ ಹೋಗುವ ಬಸ್ಸಂತೆ. ನಾನು ಹಿಂದೆ ಓಡಿದೆ. ಓಡಿದೆ ಅನ್ನುವುದು ನನ್ನ ಅಭಿಪ್ರಾಯ. ನೋಡಿದವರು ಬೇರೇನಾದರೂ ಹೇಳಿಯಾರು.

ಏದುಸಿರು ಬಿಡುತ್ತ ಮರಳಿದರೆ ಅತ್ತೆ ಕಲ್ಲುಬೆಂಚಿನ ಮೇಲೆ ಕೂತಿದ್ದಳು. "ಕುಂತ್ಕೋ ಮಾರಾಯ. ಮಗ್ಗೆಗೆ ಹೋದ್ ಬಸ್ಸು ತಿರ್ಗಾ ಇಲ್ಲಿಗೇ ಬರ್ಬೇಕು."

ಬಾಯಲ್ಲಿ ಧೈರ್ಯ, ಆದರೆ ಕಣ್ಣು ರಸ್ತೆಯನ್ನು ಬಿಟ್ಟು ಕದಲಲಿಲ್ಲ. ತರಿಸಿಕೊಟ್ಟ ಕಾಫಿ ಹಾಗೇ ಆರಿಹೋಯಿತು. ಚೀಲ ಹೋದರೆ ಹೋಗಲಿ, ಅದರ ಜೊತೆ ಅವಳು ಒಬ್ಬಳೇ ಓಡಾಡುವುದೂ ಹೋಗುತ್ತಿತ್ತಲ್ಲ.

ಬಿಸಿಲು ಬಿದ್ದ ಮೇಲೆ ಆ ಬಸ್ಸು ಬಂತು. ಜನ ಬಾಗಿಲವರೆಗೂ ನಿಂತಿದ್ದಾರೆ. ಕಿಟಕಿ ಪಕ್ಕದಲ್ಲಿ ಚೀಲವೊಂದೇ ಆರಾಮಾಗಿ ಕೂತಿದೆ.

"ಯಾರೋ ಸೀಟ್ ಹಿಡ್ದವ್ರೆ ಅಂತ ಒಬ್ರೂ ಕುಂತ್ಕಳ್ಲಿಲ್ಲ ಕಣಜ್ಜಿ," ಎಂದ ಕಂಡಕ್ಟರ್. "ನಿಮ್ ಚೀಲ ಮಗ್ಗೆ ನೋಡ್ಕಂಡ್ ಬಂತು."

ಸುತ್ತ ಇದ್ದವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಚೀಲ ಇಳಿಸಿಕೊಂಡು ನನ್ನ ಕೈ ಹಿಡಿದುಕೊಂಡಳು. "ಮಾದೇವಂಗೆ ಹೇಳ್ಬ್ಯಾಡ ಕಣೋ."

ಊರಿಗೆ ಮರಳಿದಾಗ ಮಹದೇವಣ್ಣ ಕೇಳಿಯೇ ಕೇಳಿದ. "ಬಸ್ಸು ಸ್ವಲ್ಪ ತಡ ಆಯ್ತು, ಅಷ್ಟೇ," ಅಂದೆ. ಆ ಒಂದು ಮಾತಿನ ಮೇಲೆ ಅತ್ತೆ ಇನ್ನೂ ನಾಲ್ಕಾರು ಚಳಿಗಾಲ ಒಬ್ಬಳೇ ಬಸ್ಸು ಹತ್ತಿದಳು.

ಆಗ ಅದನ್ನು ಮುದುಕಿಯೊಬ್ಬಳಿಗೆ ಮಾಡಿದ ಸಣ್ಣ ಉಪಕಾರ ಅಂದುಕೊಂಡಿದ್ದೆ. ಅದೆಷ್ಟು ದೊಡ್ಡದೆಂದು ಈಗ ತಿಳಿಯುತ್ತಿದೆ. ನನಗೂ ಅದೇ ವಯಸ್ಸು. ನಾಳೆ ಹಾಸನಕ್ಕೆ, ತಂಗಿಯ ಮನೆಗೆ ಹೊರಟಿದ್ದೇನೆ. ಮಗ ಸೊಸೆಯನ್ನು ಜೊತೆ ಮಾಡಿದ್ದಾನೆ. ಬಹಳ ಒಳ್ಳೆಯ ಹುಡುಗಿ. ಸುಳ್ಳು ಹೇಳಿಯೇ ಗೊತ್ತಿಲ್ಲ. ನನಗೆ ಅದೇ ಭಯ.